ಬಟ್ಟಲಿನ ಚಪ್ಪಟೆ ಉಂಡೆ

ಬ್ಲಾಂಚರ್ಡ್ಸ್‌ಟೌನಿನಲ್ಲಿ, ದೇಶ ಬಿಟ್ಟು ಬಂದ ನಾವಿದ್ದ ಬಾಡಿಗೆ ಮನೆಯಲ್ಲಿ, ಎರಡು ಗ್ರೀಕ್ ನಗರರಾಜ್ಯಗಳಿದ್ದವು. ಕೆಳಗಿನ ಕೋಣೆ ಸ್ಪಾರ್ಟಾ. ಅಲ್ಲಿದ್ದ ಮೈಸೂರಿನ ಇಂಜಿನಿಯರು ಜನವರಿಯಲ್ಲೂ ಹೀಟರ್ ಹಾಕದವನು, ಅಡುಗೆಮನೆಯ ಗೋಡೆಗೆ ಪಾಳಿಪಟ್ಟಿ ಅಂಟಿಸಿದವನು, ತನ್ನ ಸಾರನ್ನು ಯಾರಾದರೂ ಹೊಗಳಿದರೆ ಅನುಮಾನದಿಂದ ನೋಡುವವನು. ಮಹಡಿಯ ಕೋಣೆ ಅಥೆನ್ಸ್. ಅಲ್ಲಿದ್ದ ಬೆಂಗಳೂರಿನ ವಿದ್ಯಾರ್ಥಿ ಪಾತ್ರೆ ತೊಳೆಯುವ ಮೊದಲು ಪಾತ್ರೆಯನ್ನು ಏಕೆ ತೊಳೆಯಬೇಕೆಂದು ಚರ್ಚಿಸುತ್ತಿದ್ದ. ಚರ್ಚೆ ಮುಗಿಯುವಷ್ಟರಲ್ಲಿ ಸ್ಪಾರ್ಟಾ ತೊಳೆದಿಟ್ಟಿರುತ್ತಿತ್ತು.

ಈ ಬಿರುದುಗಳನ್ನು ದಯಪಾಲಿಸಿದವನು ನಾನು. ಊರಿನ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಇತಿಹಾಸದ ಅತಿಥಿ ಉಪನ್ಯಾಸಕನಾಗಿದ್ದೆ. ಅಷ್ಟು ದೀರ್ಘಕಾಲ ಉಳಿದ ಅತಿಥಿಯನ್ನು ಕಳಿಸಿಕೊಡುವುದು ಶಾಸ್ತ್ರವೇ, ಕಳಿಸಿದರು. ನಿಜವಾದ ಅಥೆನ್ಸು, ಸ್ಪಾರ್ಟಾ ಎರಡರಲ್ಲೂ ಪಾತ್ರೆ ತೊಳೆದವರು ಗುಲಾಮರು ಎಂಬುದನ್ನು ನಾನು ತರಗತಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ. ಈಗ ಶಾಪಿಂಗ್ ಸೆಂಟರಿನಲ್ಲಿ ನೆಲ ಒರೆಸುವ ಯಂತ್ರ ತಳ್ಳುತ್ತೇನೆ. ಆ ಸಾಲು ಸ್ವಲ್ಪ ಉದ್ದವಿರಬೇಕಿತ್ತು ಅನ್ನಿಸುತ್ತದೆ.

ನಾಲ್ಕನೆಯ ಕೋಣೆ ಖಾಲಿಯಾದಾಗ ಹೊಸಬನನ್ನು ಆರಿಸುವ ಕ್ರಮವನ್ನೂ ನಾನೇ ಸೂಚಿಸಿದೆ. ಅಥೆನ್ಸಿನವರು ಬೇಡವಾದವನ ಹೆಸರನ್ನು ಮಡಕೆಚೂರಿನ ಮೇಲೆ ಗೀಚಿ ಅವನನ್ನು ಗಡೀಪಾರು ಮಾಡುತ್ತಿದ್ದರು. ಹತ್ತು ವರ್ಷದ ಮೇಲೆ ಅವನು ಮರಳಿ ಬಂದು ತನ್ನ ಮನೆಯಲ್ಲೇ ಕೂರಬಹುದು. ಸ್ಪಾರ್ಟಾದಲ್ಲಿ ಗಂಡಸರದು ಪಂಕ್ತಿಯೂಟ. ಪಂಕ್ತಿಗೆ ಹೊಸಬ ಬರಬೇಕಾದರೆ ಪ್ರತಿಯೊಬ್ಬನೂ ರೊಟ್ಟಿಯ ಒಂದು ಉಂಡೆಯನ್ನು ಬಟ್ಟಲಿಗೆ ಹಾಕಬೇಕು. ಬೇಡವೆನ್ನುವವನು ಒತ್ತಿ ಚಪ್ಪಟೆ ಮಾಡಿ ಹಾಕುತ್ತಾನೆ. ಅಂಥದ್ದೊಂದು ಸಾಕು, ಅವನು ಹೊರಗೆ. ನಮ್ಮಲ್ಲಿ ಒಡೆಯಲು ಮಡಕೆಯಿರಲಿಲ್ಲ, ಚಪಾತಿ ಹಿಟ್ಟಿತ್ತು.

ಶುಕ್ರವಾರ ಸಂಜೆ ಬಂದವನು ಬಳ್ಳಾರಿ ಕಡೆಯವನು. ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ, ಮಲಗುವುದು ಸ್ನೇಹಿತನ ಸೋಫಾದ ಮೇಲೆ, ಭಾನುವಾರ ಅದನ್ನೂ ಬಿಡಬೇಕು. ನನ್ನನ್ನು ನೋಡಿದವನೇ ಕಾಲಿಗೆ ಬಗ್ಗಿದ.

"ಸರ್! ಗೊತ್ತಾಗ್ಲಿಲ್ವಾ? ಕೊನೇ ಬೆಂಚು! ಇಲ್ಲೂ ಯೂನಿವರ್ಸಿಟೀಲಿ ಪಾಠ ಮಾಡ್ತಿದೀರ ಅಲ್ವಾ ಸರ್?"

ಉಳಿದಿಬ್ಬರು ಒಳಗೆ ಚಹಾ ಕಾಯಿಸುತ್ತಿದ್ದರು. "ಹೂಂ" ಅಂದೆ. ಹಜಾರದ ಹೀಟರಿನ ಮೇಲೆ ಒಣಗುತ್ತಿದ್ದ ಕೆಲಸದ ಕಿತ್ತಳೆ ಜಾಕೆಟ್ಟಿಗೆ ಬೆನ್ನು ಕೊಟ್ಟು ಕುಳಿತೆ. ಬೆನ್ನು ಸುಟ್ಟಿತು. ಏಳಲಿಲ್ಲ.

ಅವನು ಕೋಣೆ ನೋಡಲು ಮೇಲೆ ಹೋದಾಗ ಮತದಾನ ನಡೆಯಿತು. ಬಟ್ಟಲಲ್ಲಿ ಎರಡು ದುಂಡನೆಯ ಉಂಡೆ, ಒಂದು ಚಪ್ಪಟೆ. ಅದರ ಮೇಲೊಂದು ಹೆಬ್ಬೆರಳಿನ ಗುರುತು.

"ನೀನೇನಾ?" ಅಂದಿತು ಅಥೆನ್ಸ್.

"ಕೇಳ್ಬಾರ್ದು ಅಂತ ರೂಲ್ ಐತೆ" ಅಂದಿತು ಸ್ಪಾರ್ಟಾ. "ನೀನಾ?"

ಅವನು ಇಳಿದು ಬಂದ. ಯಾರೂ ಬಾಯಿ ಬಿಡುವ ಮೊದಲೇ ಬಟ್ಟಲು ನೋಡಿದ. ಕೊನೇ ಬೆಂಚಿನವರು ಪಾಠ ಕೇಳುವುದಿಲ್ಲವೆಂದು ನಂಬಿದ್ದೆ. ಚಪ್ಪಟೆಯದನ್ನು ಎತ್ತಿಕೊಂಡು, ಅಂಗೈಗಳ ನಡುವೆ ಉರುಳಿಸಿ, ದುಂಡಗೆ ಮಾಡಿ ಮತ್ತೆ ಬಟ್ಟಲಿಗಿಟ್ಟ.

"ಗ್ರ್ಯಾಂಡ್ ಸರ್" ಅಂದ, ಇಲ್ಲಿನವರು 'ಪರವಾಗಿಲ್ಲ' ಅನ್ನುವ ಹಾಗೆ. " ಬಸ್ ಐತೆ, ಬರ್ತೀನಿ."

ಅವನಿಗೆ ದೂರದ ಡ್ರೋಹೆಡಾದಲ್ಲಿ ಕೋಣೆ ಸಿಕ್ಕಿತಂತೆ. ಅಲ್ಲಿಂದ ಆಸ್ಪತ್ರೆಗೆ ದಿನವೂ ಎರಡು ಬಸ್ಸು ಹಿಡಿಯಬೇಕು. ನಮ್ಮಲ್ಲಿ ಎರಡು ರಾಜ್ಯಗಳೂ ಪರಸ್ಪರ ಶಂಕಿಸಿ ಬೇರೆ ಬೇರೆ ಉಣ್ಣತೊಡಗಿದವು. ಆ ಕೋಣೆಗೆ ಬಂದವನೊಬ್ಬ ಮೂರೇ ತಿಂಗಳಿದ್ದು ಹೋದ. ಮೆಟ್ಟಿಲು ಕಿರುಗುಟ್ಟಿದಾಗಲೆಲ್ಲ ಯಾರೋ "ಸರ್" ಅಂದಂತಾಗುತ್ತಿತ್ತು. ಹಿಟ್ಟು ನಾದುವ ಪಾಳಿ ಬಂದರೆ ಹೆಬ್ಬೆರಳು ಮಡಚಿಕೊಂಡು ನಾದುತ್ತಿದ್ದೆ. ಹಾಗೆ ನಾದಿದ ಚಪಾತಿಯ ಬಗ್ಗೆ ಏನೂ ಹೇಳದಿರುವುದು ಮೇಲು.

ಮಾರ್ಚಿನಲ್ಲೊಂದು ಬೆಳಿಗ್ಗೆ ಇಬ್ಬರನ್ನೂ ಕೂರಿಸಿ "ಒತ್ತಿದ್ದು ನಾನು" ಅಂದೆ. ಅಥೆನ್ಸ್ ಎದ್ದು ಹೋಗಿ ಮೊದಲ ಬಾರಿ ಚರ್ಚೆಯಿಲ್ಲದೆ ಪಾತ್ರೆ ತೊಳೆಯತೊಡಗಿತು. "ಅವ್ರಿಗೆ ಫೋನ್ ಮಾಡಿ" ಅಂದಿತು ಸ್ಪಾರ್ಟಾ.

ಮಾಡಿದೆ. ಜಾಕೆಟ್ಟಿನ ವಿಷಯವನ್ನೂ ಹೇಳಿದೆ.

"ಗೊತ್ತಿತ್ತು ಸರ್. ನಿಮ್ಮ ಹಿಂದೆ ಅದರ ತೋಳು ಕಾಣಿಸ್ತಿತ್ತು."

"ಕೋಣೆ ಖಾಲಿ ಐತೆ, ಬಾ."

ಅವನ ಕಡೆ ಬಸ್ಸಿನ ಸದ್ದು. "ಅಥೆನ್ಸ್ ಆಗಿದ್ರೆ ಹತ್ತು ವರ್ಷಕ್ಕೆ ವಾಪಸ್ ಬರ್ಬೋದಿತ್ತು, ನೀವೇ ಹೇಳಿದ್ದು. ಸ್ಪಾರ್ಟಾದಲ್ಲಿ ಎರಡನೇ ಸಲ ಉಂಡೆ ಹಾಕ್ತಿದ್ರಾ ಸರ್?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ.

"ನಂಗೊತ್ತಿಲ್ಲ ಕಣಯ್ಯ" ಅಂದೆ. ತರಗತಿಯಲ್ಲಿ ಒಮ್ಮೆಯೂ ಆಡಿದ ಮಾತಲ್ಲ ಅದು. ಅಷ್ಟರಲ್ಲಿ ಅವನ ಬಸ್ಸು ಹೊರಟಿತು.