ಹಟ್ಟಿಯ ಗೂಟದಲ್ಲಿದ್ದ ನೀಲಿ ಸೀರೆ

ಇನ್ನಂಜೆಯ ಮನೆಗೆ ನಾನು ಎರಡನೆಯ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಮೊದಲ ಸೊಸೆ, ಅಂದರೆ ನನ್ನ ಓರಗಿತ್ತಿ, ಅಷ್ಟರಲ್ಲಿ ಎಲ್ಲರ ಬಾಯಲ್ಲೂ ಒಳ್ಳೆಯವಳಾಗಿದ್ದಳು. ಅವಳು ಮಾಡಿದ ಪತ್ರೊಡೆ ಚೆಂದ, ಅವಳು ಕಟ್ಟಿದ ಮಲ್ಲಿಗೆ ಚೆಂದ. ಇದನ್ನೆಲ್ಲ ಹೇಗೋ ನುಂಗಿಕೊಂಡೆ. ಹಸುವಿನ ವಿಷಯ ಮಾತ್ರ ಗಂಟಲಿಳಿಯಲಿಲ್ಲ.

ಕಾರ್ಕಳದ ತವರಿನಲ್ಲಿ ಹತ್ತು ವರ್ಷ ಹಾಲು ಕರೆದವಳು ನಾನು. ಈ ಮನೆಯ ಕಂದು ಹಸು ಮಾತ್ರ ಅವಳೊಬ್ಬಳಿಗೇ ಹಾಲು ಬಿಡುತ್ತಿತ್ತು. ನಾನು ದನದ ಹಟ್ಟಿಗೆ ಕಾಲಿಟ್ಟರೆ ಕಿವಿ ಹಿಂದಕ್ಕೆ ಮಾಡಿ ನಿಲ್ಲುತ್ತಿತ್ತು. ಅವಳು ಕಲಿಸಲು ಬರುತ್ತಿದ್ದಳು. ಹಿಂದಿನಿಂದ ಬರಬಾರದು, ಮೊದಲು ಮಾತಾಡಿಸಬೇಕು, ಬೆನ್ನಿಗೆ ಕೈಯಿಟ್ಟು ಆಮೇಲೆ ಕೂರಬೇಕು, ಕರುವನ್ನು ಅದರ ಕಣ್ಣೆದುರೇ ಕಟ್ಟಬೇಕು. ನನಗೆ ಗೊತ್ತಿಲ್ಲದ್ದು ಅದರಲ್ಲಿ ಒಂದೂ ಇರಲಿಲ್ಲ. ಗೊತ್ತಿದ್ದದ್ದನ್ನು ಅವಳ ಬಾಯಿಂದ ಕೇಳುವಾಗ ಹೊಟ್ಟೆ ಉರಿದುಹೋಗುತ್ತಿತ್ತು.

ಒಮ್ಮೆ ಅವಳು ಕಾಯಿಲೆಬಿದ್ದ ತಾಯಿಯನ್ನು ನೋಡಲು ನಾಲ್ಕು ದಿನಕ್ಕೆ ಹೆಬ್ರಿಗೆ ಹೋದಳು. ಹೋಗುವಾಗ, ಹಾಲು ಕರೆಯಲು ಉಡುವ ತನ್ನ ಹಳೆಯ ನೀಲಿ ಸೀರೆಯನ್ನು ಹಟ್ಟಿಯ ಗೂಟಕ್ಕೆ ಹಾಕಿದಳು. ಕರೆಯುವವಳು ಊರಲ್ಲಿಲ್ಲದಾಗ ಅವಳ ಸೀರೆ ಉಟ್ಟು ಹೋಗುವುದು ನಮ್ಮ ಕಡೆಯ ರೂಢಿ. ಪರಿಚಯದ ವಾಸನೆಗೆ ಹಸು ಸುಮ್ಮನೆ ನಿಲ್ಲುತ್ತದೆ. ಅತ್ತೆ ಅದನ್ನೇ ನೆನಪಿಸಿದರು.

“ಯಾಕೆ, ನನ್ನ ಸೀರೆಗೆ ಎಂತ ಆಗಿದೆ?” ಎಂದೆ.

ಆ ನಾಲ್ಕು ದಿನದಲ್ಲಿ ಹಸುವನ್ನು ನನ್ನದು ಮಾಡಿಕೊಳ್ಳಬೇಕಿತ್ತು, ಅದೂ ನಾನಾಗಿಯೇ. ಮದುವೆಗೆ ತವರಿನವರು ಕೊಟ್ಟ ಹಳದಿ ಹತ್ತಿಸೀರೆ ಉಟ್ಟು ಹೋದೆ. ಗಂಜಿ ಹಾಕಿದ ಸೀರೆ, ಹೆಜ್ಜೆಗೊಮ್ಮೆ ಸರಬರ ಎನ್ನುತ್ತಿತ್ತು. ಗೂಟದ ನೀಲಿ ಸೀರೆ ಕಂಡದ್ದೇ ಸಿಟ್ಟು ನೆತ್ತಿಗೇರಿತು. ಒಂದು ಮಾತೂ ಆಡದೆ, ಹಸುವಿನ ಹಿಂದಿನಿಂದಲೇ ಹೋಗಿ ಕುಕ್ಕರಿಸಿದೆ. ಒದೆತ ಮೊಣಕಾಲಿಗೆ ಬಿತ್ತು, ಚೆಂಬು ಗೋಡೆಗೆ ಬಡಿಯಿತು. ಇನ್ನೊಂದು ಗೇಣು ಮೇಲೆ ಬಿದ್ದಿದ್ದರೆ ಹಲ್ಲು ಉಳಿಯುತ್ತಿರಲಿಲ್ಲ.

ಸಂಜೆ ಅತ್ತೆ ಸೊಂಟನೋವಿನಲ್ಲೇ ನೀಲಿ ಸೀರೆ ಸುತ್ತಿಕೊಂಡು ಹಾಲು ಕರೆದರು. ಜಗಲಿಯಲ್ಲಿ ಕಾಲು ಚಾಚಿಕೊಂಡು ಚೆಂಬಿಗೆ ಹಾಲು ಬೀಳುವ ಸದ್ದು ಕೇಳಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ಹಾಗೆನ್ನಲೂ ಬಾಯಿರಲಿಲ್ಲ.

ಓರಗಿತ್ತಿ ಬಂದವಳು ಬಾತುಕೊಂಡ ಮೊಣಕಾಲು ನೋಡಿದಳು. ನಗುತ್ತಾಳೆಂದು ಕಾದೆ. ನಗಲಿಲ್ಲ, ಅದಕ್ಕೂ ನನಗೆ ಸಿಟ್ಟು ಬಂತು. ಅವಳು ನನ್ನ ಹಳದಿ ಸೀರೆ ಕೇಳಿದಳು.

“ಎಂಟು ದಿನ ನಾನು ಇದನ್ನೇ ಉಟ್ಟು ಕರೆಯುತ್ತೇನೆ. ನೀನು ಪಕ್ಕದಲ್ಲಿ ಕೂತು ಅದರ ಹತ್ತಿರ ಮಾತಾಡು. ಒಂಬತ್ತನೆಯ ದಿನ ತೊಳೆಯದೆ ನೀನು ಉಟ್ಟುಕೋ. ಹಸು ನಿನ್ನದೇ, ಮಾರಾಯ್ತಿ.”

ಹಾಗೆಯೇ ಆಯಿತು. ಒಂಬತ್ತನೆಯ ಬೆಳಿಗ್ಗೆ ಬೆನ್ನಿಗೆ ಕೈಯಿಟ್ಟು ಮಾತಾಡಿಸಿ ಕೂತೆ. ಹಸು ಮೆಲುಕು ಹಾಕುತ್ತಾ ನಿಂತು ಹಾಲು ಬಿಟ್ಟಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಇನ್ನು ಹಟ್ಟಿಯ ಚಿಂತೆಯಿಲ್ಲ ಎಂದರು.

ಆದರೆ ಆ ಹಳದಿ ಸೀರೆಯನ್ನು ನಾನು ಮತ್ತೆಂದೂ ಹಟ್ಟಿಯಿಂದಾಚೆ ಉಡಲಿಲ್ಲ. ಎಂಟು ದಿನ ಅವಳ ಮೈಮೇಲೆ ಅದನ್ನು ನೋಡಿದ್ದೆ. ಅದು ನನಗಿಂತ ಅವಳಿಗೇ ಒಪ್ಪುತ್ತಿತ್ತು.