ಬೊಳ್ಳಮ್ಮ ಆಂಟಿಯ ಕಣ್ಣಿನ ಎತ್ತರ

೨೦೨೨ರ ಆಗಸ್ಟ್. ಗೈದರ್ಸ್‌ಬರ್ಗಿನ ಮಾಪನ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷ ಸವೆಸಿ, ಹೆಂಡತಿಯ ಕೆಲಸಕ್ಕಾಗಿ ಕೆರೊಲಿನಾದ ಕ್ಯಾರಿ ಊರಿಗೆ ಬಂದು ನೆಲೆಸಿದ್ದ ನಾನು, ಊರಾಚೆಯ ಒಂದು ಸಣ್ಣ ಬಂದೂಕು ರಿಪೇರಿ ಅಂಗಡಿಯಲ್ಲಿ ವಾರಕ್ಕೆ ಮೂರು ದಿನ ಕೆಲಸಕ್ಕಿದ್ದೆ. ನನ್ನ ಕೆಲಸ ಒಂದೇ: ರೈಫಲ್‌ಗಳ ಮೇಲೆ ಸ್ಕೋಪ್ ಕೂರಿಸುವುದು. ಸ್ಕೋಪ್ ಎಂದರೆ ಗುರಿ ನೋಡುವ ದುರ್ಬೀನು. ಅದನ್ನು ರೈಫಲ್ಲಿಗೆ ಬಿಗಿದು ಹಿಡಿಯುವ ಲೋಹದ ಕಾಲು, ಬಳೆಗಳಿಗೆ ಮೌಂಟ್ ಎನ್ನುತ್ತಾರೆ. ಇಂಚಿನ ಸಾವಿರದಲ್ಲೊಂದು ಭಾಗಕ್ಕಾಗಿ ಸಹೋದ್ಯೋಗಿಗಳ ಜೊತೆ ಮೂರು ದಿನ ಜಗಳವಾಡಿದ ಮನುಷ್ಯ ನಾನು. "ದೋಸೆ ದಪ್ಪ ಅಳೆಯೋಕೂ ಕ್ಯಾಲಿಪರ್ ಹಿಡೀತೀರಲ್ರೀ!" ಎಂದು ಹೆಂಡತಿ ಹಂಗಿಸುತ್ತಿದ್ದದ್ದು ಪೂರ್ತಿ ಸುಳ್ಳೇನಲ್ಲ.

ಆ ಅಂಗಡಿಯ ಮಧ್ಯಾಹ್ನಗಳು ನನಗೆ ಬಹಳ ಇಷ್ಟ. ಕಿಟಕಿಯಾಚೆ ಪೈನ್ ಮರಗಳು, ಅವುಗಳೊಳಗೆಲ್ಲೋ ಜೀರುಂಡೆಗಳ ಒಂದೇ ಸಮನೆಯ ಸದ್ದು. ಸ್ಕೋಪಿನ ಗಾಜಿನಲ್ಲಿ ಇಣುಕಿದರೆ ದೂರದ ಎಲೆಯೊಂದು ಸದ್ದಿಲ್ಲದೆ ಹತ್ತಿರ ಬಂದು ನಿಲ್ಲುತ್ತಿತ್ತು. ಎಷ್ಟೋ ಸಲ ಕೆಲಸ ಮರೆತು ಅದನ್ನೇ ನೋಡುತ್ತ ಕೂತುಬಿಡುತ್ತಿದ್ದೆ.

ಅಂಥದೊಂದು ಮಧ್ಯಾಹ್ನ ಡಾಕ್ಟರ್ ಬೊಳ್ಳಮ್ಮ ಬಂದರು. ಮಡಿಕೇರಿಯವರು. ೧೯೭೩ರಲ್ಲಿ ಈ ದೇಶಕ್ಕೆ ಬಂದು, ಅರಿವಳಿಕೆ ವೈದ್ಯೆಯಾಗಿ ದುಡಿದು ನಿವೃತ್ತರಾದವರು. ಎಪ್ಪತ್ತಾರು ವರ್ಷ, ನಮ್ಮ ಕಡೆಯವರಿಗೆಲ್ಲ ಆಂಟಿ. ಹಿಂದೆಯೇ ಅವರ ಮಗಳು ನೀನಾ, ಇಲ್ಲೇ ಹುಟ್ಟಿ ಬೆಳೆದವಳು, ರೈಫಲ್ಲಿನ ಪೆಟ್ಟಿಗೆ ಹೊತ್ತು ಮುಖ ಊದಿಸಿಕೊಂಡು ಬಂದಳು.

"ಶ್ರೀಧರ, ಇದಕ್ಕೊಂದು ಸ್ಕೋಪ್ ಕೂರ್ಸಪ್ಪ. ಕೈಲ್‌ಪೊಳ್ದ್‌ಗೆ ಮೂರೇ ವಾರ ಇದೆ," ಎಂದರು ಆಂಟಿ.

ಕೈಲ್‌ಪೊಳ್ದ್ ಕೊಡವರ ಆಯುಧಪೂಜೆಯ ಹಬ್ಬ. ಬಂದೂಕಿಗೆ ಹೂವಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೆರೊಲಿನಾದ ಕೊಡವ ಮನೆಗಳವರು ಸ್ನೇಹಿತರೊಬ್ಬರ ಫಾರ್ಮಿನಲ್ಲಿ ಸೇರಿ ಇದನ್ನು ಬಿಡದೆ ನಡೆಸುತ್ತಾರೆ. ಐವತ್ತು ಗಜ ದೂರ, ಹಿಂದೆ ಎತ್ತರದ ಮಣ್ಣಿನ ದಿಬ್ಬ, ಒಬ್ಬೊಬ್ಬರಿಗೆ ಮೂರು ಗುಂಡು. ಆಂಟಿ ಎಷ್ಟೋ ವರ್ಷ ಕಾಯಿ ಒಡೆದವರು. ಆದರೆ ಕುತ್ತಿಗೆಯ ಎರಡು ಮೂಳೆ ಬೆಸೆಯುವ ಆಪರೇಷನ್ ಆದ ಮೇಲೆ, ಹಿಂದಿನ ವರ್ಷ ಮೂರಕ್ಕೆ ಮೂರೂ ತಪ್ಪಿದ್ದವು. ಹಳೆಯ ರೈಫಲ್ಲಿನ ಒದೆತ ತಡೆಯಲಾಗದೆ ಈ ಸೆಮಿ-ಆಟೊಮ್ಯಾಟಿಕ್ ಕೊಂಡಿದ್ದರು. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು. ಮುಂದಿನದು ತಾನೇ ಒಳಗೆ ಬಂದು ಕೂರುತ್ತದೆ, ಒದೆತವೂ ಮೆತ್ತಗೆ.

"ಅಮ್ಮ, ಇನಫ್. ನೀವು ಶೂಟ್ ಮಾಡೋದು ಬೇಡ. ನೆಕ್ ಏನಾದ್ರೂ ಆದ್ರೆ?" ಎಂದಳು ನೀನಾ.

"ಈ ಸಲ ಹೊಡೀಲಿಲ್ಲ ಅಂದ್ರೆ ನಾನೇ ಇದನ್ನ ಮಾರ್ಬಿಡ್ತೀನಿ. ಆಮೇಲೆ ಹಬ್ಬದ ದಿನ ನಿಮ್ಮೆಲ್ರಿಗೂ ಪಂದಿಕರಿ ಬಡಿಸ್ಕೊಂಡು ಕೂತಿರ್ತೀನಿ, ಸಾಕಾ?" ನಗುತ್ತಲೇ ಅಂದರು, ಆದರೆ ಕೈ ಪೆಟ್ಟಿಗೆಯ ಮೇಲಿಂದ ಕದಲಲಿಲ್ಲ.

ಮೌಂಟ್ ಆರಿಸಿದೆ. ಒಂದೇ ತುಂಡಿನದು, ಮುಂದಕ್ಕೆ ಚಾಚಿದ್ದು. ಅದರ ಕಾಲುಗಳೆರಡೂ ರೈಫಲ್ಲಿನ ಗಟ್ಟಿ ಭಾಗವಾದ ರಿಸೀವರ್ ಮೇಲೆಯೇ ಕೂರುತ್ತವೆ. ಒಂದು ಕಾಲು ಮುಂದಿನ ಕೈಹಿಡಿಯ ಮೇಲೆ ಕೂತರೆ ಗುರಿ ಅಲೆದಾಡುತ್ತದೆ. ಎತ್ತರ ಎಷ್ಟು? ಬಂದೂಕಿನ ಕೊಳವೆಗೆ ಸ್ಕೋಪ್ ಹತ್ತಿರವಿದ್ದಷ್ಟೂ ಲೆಕ್ಕ ಸರಳ ಎಂಬುದು ನನ್ನ ಹಳೆಯ ಹಟ. ಹಾಗಾಗಿ ಅಂಗಡಿಯಲ್ಲಿದ್ದ ಅತಿ ಗಿಡ್ಡದ್ದು, 1.1 ಇಂಚಿನದು. ಮಟ್ಟಗೋಲಿಟ್ಟು ನೇರ ಮಾಡಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಿಂದ ಪ್ರತಿ ಸ್ಕ್ರೂವನ್ನೂ ತಯಾರಕರು ಹೇಳಿದಷ್ಟೇ ಬಿಗಿದೆ. ಎರಡು ಗಂಟೆಯ ಕೆಲಸ. ಖಾಲಿ ರೈಫಲ್ಲನ್ನು ಆಂಟಿಯ ಕೈಗಿತ್ತು, "ಚೆನ್ನಾಗಿದೆ ಅಲ್ವಾ ಆಂಟಿ?" ಎಂದೆ.

ಅವರು ಕಣ್ಣಿಟ್ಟು ನೋಡಿದರು. ಬೇಗನೆ ಇಳಿಸಿ, "ಫಸ್ಟ್ ಕ್ಲಾಸ್," ಎಂದರು. ನಾನು ಹಿಗ್ಗಿಹೋದೆ.

ಶನಿವಾರ ಬೆಳಿಗ್ಗೆ ಮೂವರೂ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಹೋದೆವು. ಹುಲ್ಲಿನ ಮೇಲೆ ಮಂಜು ನಿಂತಿತ್ತು. ಗುರಿಯ ಕಾಗದಗಳು ನೆಲದ ಸಂಬಂಧವೇ ಇಲ್ಲದಂತೆ ಬೆಳ್ಳಗೆ ತೇಲುತ್ತಿದ್ದವು. ಮಾತಾಡಲೂ ಮನಸ್ಸಾಗದಂಥ ಬೆಳಗು. ಆಂಟಿ ಐದು ಗುಂಡು ಹೊಡೆದರು. ಐದೂ ಐದು ಕಡೆ. ಎರಡಂತೂ ಕಾಗದಕ್ಕೇ ತಾಗಿರಲಿಲ್ಲ.

ನಾನು ಸ್ಕ್ರೂ ನೋಡಿದೆ, ಬಿಗಿಯಾಗಿತ್ತು. ನಾನೇ ಐದು ಗುಂಡು ಹೊಡೆದು ನೋಡಿದೆ, ಎಲ್ಲವೂ ಒಂದು ರೂಪಾಯಿ ನಾಣ್ಯದ ಅಗಲದಲ್ಲಿ ಬಿದ್ದವು. ಮತ್ತೆ ಆಂಟಿ ಹೊಡೆದರು, ಮತ್ತೆ ಚೆಲ್ಲಾಪಿಲ್ಲಿ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ಟ್ರಿಗರ್ ಎಳೀವಾಗ ಕಣ್ಣು ಮುಚ್ಕೊಳ್ತೀರಾ ಹೇಗೆ?" ಎಂದುಬಿಟ್ಟೆ. ಅಂದದ್ದೇ ತಡ, ನಾಲಗೆ ಕಚ್ಚಿಕೊಂಡೆ.

ಆಂಟಿ ಬೇಜಾರು ತೋರಿಸಲಿಲ್ಲ. ಗುಂಡುಗಳ ಮ್ಯಾಗಜಿನ್ ತೆಗೆದು, ಗುಂಡು ಕೂರುವ ಚೇಂಬರ್ ಖಾಲಿಯಾಗಿದೆಯೆಂದು ಎರಡು ಸಲ ನೋಡಿ, ರೈಫಲ್ಲನ್ನು ಮೇಜಿನ ಮೇಲೆ ಮಲಗಿಸಿದರು. "ನಿನ್ನ ಕೆಲ್ಸದಲ್ಲಿ ಏನೂ ತಪ್ಪಿಲ್ಲ ಕಣಪ್ಪ. ನನ್ನ ಕಾಲ ಮುಗೀತು. ಗಿರಾಕಿ ಸಿಕ್ರೆ ಹೇಳು," ಎಂದು ಕಾರಿನ ಕಡೆ ನಡೆದರು. ತಲೆ ಆ ಕಡೆ ಈ ಕಡೆ ತಿರುಗದ ನೇರ ನಡಿಗೆ. ಮಂಜಿನಲ್ಲಿ ಅವರ ಬಿಳಿ ತಲೆ ಕಾಣದಾಗುವವರೆಗೆ ಕಂಬದಂತೆ ನಿಂತಿದ್ದೆ.

ಪೆಟ್ಟಿಗೆಗೆಂದು ಉಳಿದಿದ್ದ ನೀನಾ ಮೆಲ್ಲಗೆ ಹೇಳಿದಳು: "ಅಂಕಲ್, ಅಮ್ಮ ಡೈಲಿ ಖಾಲಿ ರೈಫಲ್ ಹಿಡ್ಕೊಂಡು ಪ್ರ್ಯಾಕ್ಟೀಸ್ ಮಾಡ್ತಾರೆ. ಆಮೇಲೆ ನೆಕ್‌ಗೆ ಐಸ್ ಇಟ್ಕೊಂಡು ಮಲಗ್ತಾರೆ. ಸ್ಕೋಪಲ್ಲಿ ಹಾಫ್ ಬ್ಲ್ಯಾಕ್ ಕಾಣ್ಸತ್ತಂತೆ. ನಿಮ್ಗೆ ಹೇಳ್ಬೇಡ ಅಂದಿದ್ರು."

ಅಯ್ಯೋ ನನ್ನ ಬುದ್ಧಿಗಿಷ್ಟು! ಬೆಸೆದ ಕುತ್ತಿಗೆ ಬಾಗುವುದಿಲ್ಲ. ನಾನು ಸ್ಕೋಪನ್ನು ತಗ್ಗಿನಲ್ಲಿಟ್ಟು, ಅವರ ತಲೆಯನ್ನು ಬಲವಂತವಾಗಿ ಬಗ್ಗಿಸಿದ್ದೆ. ಕಣ್ಣು ಸ್ಕೋಪಿನ ನಡುಗೆರೆಗೆ ಬಾರದಿದ್ದರೆ ಗಾಜಿನ ಒಂದು ಬದಿ ಕಪ್ಪಾಗುತ್ತದೆ, ಗುರಿಯೂ ಜರುಗುತ್ತದೆ. ಅದರ ಮೇಲೆ ನೋವಿಗೆ ಕೈ ನಡುಗಿದರೆ ಕೇಳಬೇಕೇ? ಬಂದೂಕನ್ನು ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ಅಳೆದವನು ಹಿಡಿಯುವ ಹೆಂಗಸನ್ನು ಅಳೆದೇ ಇರಲಿಲ್ಲ.

ಕಾರಿನ ಹತ್ತಿರ ಓಡಿದೆ. "ಯಾಕೆ ಹೇಳ್ಲಿಲ್ಲ ಆಂಟಿ?"

"ಎರಡು ಗಂಟೆ ನಿಂತ್ಕೊಂಡು, ಅಷ್ಟು ಆಸೆಯಿಂದ ಮಾಡಿ, ಚೆನ್ನಾಗಿದೆ ಅಲ್ವಾ ಅಂತ ಕೇಳ್ದೆ. ಬಡಿಸಿದೋರ ಎದುರಿಗೇ ಉಪ್ಪು ಕಮ್ಮಿ ಅನ್ನೋಕಾಗತ್ತೇನೋ?" ಎಂದರು. ಆಮೇಲೆ ತಮಗೇ ನಗು ಬಂತು. "ಥೂ! ನೋವಿದ್ರೂ ಬಾಯಿ ಬಿಡಲ್ಲ ಅಂತ ಪೇಷೆಂಟ್‌ಗಳನ್ನ ಎಷ್ಟು ಬೈದಿದ್ದೀನಿ ನಾನು!"

ತಪ್ಪು ನನ್ನದೇ. ನಮ್ಮ ಜನಕ್ಕೆ ಹಾಗೆ ಕೇಳಿದರೆ "ಇಲ್ಲ" ಎನ್ನುವುದಕ್ಕೆ ಜಾಗವೇ ಇರುವುದಿಲ್ಲ. ಇಲ್ಲಿಯ ಗಿರಾಕಿಯಾಗಿದ್ದರೆ ಮುಖಕ್ಕೆ ಹೊಡೆದಂತೆ ಹೇಳಿ ಹೋಗುತ್ತಿದ್ದ. ನನ್ನನ್ನು ಮೆಚ್ಚುವುದನ್ನೇ ಆಂಟಿಗೆ ಕೆಲಸವಾಗಿ ಕೊಟ್ಟಿದ್ದೆ. ಅವರು ಅದನ್ನು ಕುತ್ತಿಗೆ ನೋಯಿಸಿಕೊಂಡು ಮಾಡಿದ್ದರು.

ಸೋಮವಾರ ಅಂಗಡಿಯಲ್ಲಿ ಮೊದಲಿನಿಂದ ಶುರುಮಾಡಿದೆ. ರೈಫಲ್ ಖಾಲಿ, ಚೇಂಬರಿನಲ್ಲಿ ಅದನ್ನು ತೋರಿಸುವ ಹಳದಿ ಪ್ಲಾಸ್ಟಿಕ್ ಗುರುತು. "ಕಣ್ಣು ಮುಚ್ಚಿ, ಆಂಟಿ. ಸ್ಕೋಪು, ನಾನು, ಎಲ್ಲಾ ಮರೆತುಬಿಡಿ. ತಲೆ ನಿಮಗೆ ಹಾಯಾಗಿರೋ ಕಡೆ ಇಟ್ಕೊಳ್ಳಿ."

ಅವರು ಕಣ್ಣು ಮುಚ್ಚಿ, ರೈಫಲ್ಲನ್ನು ಹೆಗಲಿಗೆ ತಂದು, ತಲೆ ಎತ್ತಿ ಹಾಗೇ ನಿಂತರು. ಉಸಿರು ನಿಧಾನವಾಯಿತು. ಜೀರುಂಡೆಯ ಸದ್ದು ಏರಿ ಇಳಿಯಿತು. ಅವರ ಮುಖದ ಗೆರೆಗಳು ಒಂದೊಂದಾಗಿ ಸಡಿಲಾಗುವುದನ್ನು ನೋಡುತ್ತ ನಾನು ಅಳತೆಗೋಲು ಹಿಡಿದದ್ದನ್ನೇ ಮರೆತೆ.

"ಶ್ರೀಧರ," ಎಂದರು, ಕಣ್ಣು ಮುಚ್ಚಿಕೊಂಡೇ, "ಕಾಯಿ ಕಾಣಿಸ್ತಿದೆ ಕಣೋ."

ಆ ಕಣ್ಣಿನ ಎತ್ತರ ಅಳೆದೆ. 1.93 ಇಂಚಿನ ಮೌಂಟ್ ಬೇಕಾಯಿತು, ಕೆನ್ನೆಗೆ ಆಸರೆಯಾಗಿ ಹಿಂಬದಿಯ ಹಿಡಿಯ ಮೇಲೊಂದು ಮೆತ್ತೆ. ನಾನು "ಯಾವತ್ತೂ ಕೂರಿಸಲ್ಲ" ಎಂದು ಅಂಗಡಿಯಲ್ಲಿ ಹೀಗಳೆಯುತ್ತಿದ್ದ ಎತ್ತರ ಅದು. ಎರಡನ್ನೂ ಕೂರಿಸಿ ಕೊಟ್ಟೆ. ಆಂಟಿ ಕಣ್ಣಿಟ್ಟು ನೋಡಿದಾಗ, "ಎಲ್ಲಿ ಕಪ್ಪಿದೆ?" ಎಂದಷ್ಟೇ ಕೇಳಿದೆ. "ಸುತ್ತಲೂ ಒಂಚೂರು," ಎಂದರು. ಗಾಜು ಕಣ್ಣಿಗೆ ಹತ್ತಿರವಾಗುವಂತೆ ಮೌಂಟನ್ನು ಹಿಂದಕ್ಕೆ ಸರಿಸಿದೆ. "ಈಗ?" "ಈಗ ಎಲ್ಲೂ ಇಲ್ಲ."

ಮತ್ತೊಮ್ಮೆ ರೇಂಜಿಗೆ ಹೋಗಿ ಐವತ್ತು ಗಜಕ್ಕೆ ಗುರಿ ಹೊಂದಿಸಿಕೊಂಡೆವು. ಹಬ್ಬದ ದಿನ ಫಾರ್ಮಿನಲ್ಲಿ ಕಡಂಬುಟ್ಟು ಎಂಬ ಅಕ್ಕಿ ಕಡುಬಿನ ಹಬೆ, ಮಕ್ಕಳ ಗಲಾಟೆ. ಆಂಟಿಯ ಸರದಿ ಬಂತು. ಮೊದಲ ಗುಂಡು ದಿಬ್ಬದ ಮಣ್ಣೆಬ್ಬಿಸಿತು. ನನ್ನ ಪಕ್ಕದಲ್ಲಿ ನೀನಾ, "ಅಮ್ಮ, ಪ್ಲೀಸ್," ಎಂದು ಪಿಸುಗುಟ್ಟಿದಳು. ಅದು ನಿಲ್ಲಿಸಿ ಎಂದಲ್ಲ. ಎರಡನೆಯದಕ್ಕೆ ಕಾಯಿ ಸಿಡಿದು, ನೀರು ಬಿಸಿಲಲ್ಲಿ ಒಂದು ಗಳಿಗೆ ಮಿನುಗಿ ಚದುರಿತು. ಮಗಳು ಅಳುತ್ತ ನಗುತ್ತಿದ್ದಳು, ನಾನೂ ಅದೇ ಸ್ಥಿತಿಯಲ್ಲಿದ್ದೆ.

ಒಳ್ಳೆಯ ಕೆಲಸಗಾರನಿಗೆ ಕೈಗಿಂತ ಕಿವಿ ಮುಖ್ಯ, ಕೇಳುವ ರೀತಿ ಅದಕ್ಕಿಂತ ಮುಖ್ಯ ಎಂದು ನನ್ನ ವೃತ್ತಿ ಕಲಿಸಿದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಆ ದಿನ ಎಲ್ಲರೂ ಆಂಟಿಯನ್ನು ಮುತ್ತಿಕೊಂಡಾಗ ಹೊಗಳಿಕೆಗೆ ಕಾದು ನಾನೂ ಹತ್ತಿರ ಹೋದೆ. ಅವರು ಹೊಡೆಯದೆ ಹೊರತೆಗೆದಿದ್ದ ಮೂರನೆಯ ಗುಂಡನ್ನು ಜೇಬಿಗೆ ಹಾಕಿಕೊಂಡು, ನನ್ನತ್ತ ಬೆರಳು ಮಾಡಿ ಎಲ್ಲರೆದುರೇ ಗದರಿದರು:

"ಶ್ರೀಧರ, ಆ ಕೆನ್ನೆ ಮೆತ್ತೆ ಚುಚ್ಚತ್ತೆ ಕಣಯ್ಯ, ಒಂಚೂರೂ ಚೆನ್ನಾಗಿಲ್ಲ! ಬರೋ ವರ್ಷದ ಹೊತ್ತಿಗೆ ಸರಿ ಮಾಡ್ಕೊಡು."