ಬಾಗಿಲು ಮುಚ್ಚಿಯೇ ಹೋಗಬೇಕಾದ ಕೋರ್ಟು

ಕತ್ತರಿ ಅಕ್ಕನ ಪಾರ್ಲರ್ ನಮ್ಮ ಬೀದಿಯ ಮೂಲೆಯಲ್ಲಿತ್ತು. ಎರಡು ಕುರ್ಚಿ, ಅಂಚು ಮುಕ್ಕಾದ ಕನ್ನಡಿ, ಕಾಯುವವರಿಗೊಂದು ಬೆಂಚು. ಕತ್ತರಿಯ ಜೊತೆಗೆ ಬಾಯಿಯೂ ಆಡುತ್ತಲೇ ಇರುತ್ತಿತ್ತು. ಕಾಲೇಜು ಹುಡುಗಿಯಿರಲಿ, ಬ್ಯಾಂಕ್ ಮ್ಯಾನೇಜರ್ ಇರಲಿ, "ತಲೆ ಬಗ್ಗಿಸು ತಾಯಿ, ನನ್ನ ಮುಂದೆ ಬಗ್ಗಿಸದೋರು ಯಾರಿದಾರೆ?" ಎನ್ನುತ್ತಿದ್ದಳು.

ಇಂಥವಳು ಒಂದು ದಿನ ತಾನೇ ತಲೆ ಬಗ್ಗಿಸಿ ಸಹಿ ಹಾಕಿದಳು. ದೂರದ ದೊಡ್ಡ ಊರಿನ ಕಂಪನಿಯೊಂದರ ಫ್ರಾಂಚೈಸಿ. ಬೋರ್ಡು, ಶಾಂಪೂ, ನೇರಳೆ ಏಪ್ರನ್ ಅವರವು. ಬಾಡಿಗೆ, ಸಾಲ, ಸೊಂಟನೋವು ಇವಳವು. ಈ ಬಡಾವಣೆಯಲ್ಲಿ ಇನ್ನೊಬ್ಬರಿಗೆ ಅಂಗಡಿ ಕೊಡುವುದಿಲ್ಲ ಎಂದು ಕಂಪನಿ ಬರೆದುಕೊಟ್ಟಿತ್ತು. ಅದನ್ನು ನಂಬಿಯೇ ಸಹಿ.

ಕರಾರನ್ನು ಓದಿ ಹೇಳಿದವನು ಗಂಡ, ಡೆಲಿವರಿ ವ್ಯಾನಿನ ಡ್ರೈವರು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಅವನಿಗೆ ಆಕಳಿಕೆ.

"ತಕರಾರು ಬಂದ್ರೆ ಅವರೂರಿನ ಕೋರ್ಟಲ್ಲಿ ಮಾತ್ರವಂತೆ ಕಣೇ."

"ತಕರಾರು ಯಾಕ್ರೀ ಬರುತ್ತೆ? ನಾನೇನು ಕಿವಿ ಕತ್ತರಿಸ್ತೀನಾ?"

ಬಂತು. ವರ್ಷ ತುಂಬುವ ಮೊದಲೇ ಹಿಂದಿನ ಬೀದಿಯಲ್ಲಿ ಅದೇ ನೇರಳೆ ಬೋರ್ಡು ಎದ್ದಿತು. ಅಲ್ಲಿ ಎಂಟು ಕುರ್ಚಿ, ಏಸಿ. ಅಕ್ಕನ ಬೆಂಚು ಖಾಲಿ ಹೊಡೆಯತೊಡಗಿತು.

ಅವಳು ಬಸ್ ಸ್ಟ್ಯಾಂಡ್ ಪಕ್ಕದ ಕೋರ್ಟಿಗೆ ಹೋದಳು. ಕರಾರಿನ ಆ ಸಾಲನ್ನು ತೋರಿಸಿ, ಇಲ್ಲಿ ಇದನ್ನು ವಿಚಾರಿಸುವ ಅಧಿಕಾರವಿಲ್ಲ ಎಂದು ಕಂಪನಿ ವಾದಿಸಿತು. ಕೋರ್ಟು ಹೌದೆಂದು ಅರ್ಜಿ ಹಿಂದಿರುಗಿಸಿತು. ಇನ್ನು ಕಂಪನಿಯ ಊರಿಗೇ ಹೋಗಬೇಕು. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ.

ಆದರೆ ಅದೇ ಕರಾರಿನಲ್ಲಿ ಇನ್ನೊಂದು ಷರತ್ತಿತ್ತು. ಮಾಲೀಕಳೇ ಖುದ್ದಾಗಿ ಅಂಗಡಿಯಲ್ಲಿರಬೇಕು. ಅನುಮತಿಯಿಲ್ಲದೆ ಬಾಗಿಲು ಮುಚ್ಚಿದರೆ ನೋಟಿಸು, ಎರಡನೇ ಸಲಕ್ಕೆ ಫ್ರಾಂಚೈಸಿ ರದ್ದು. ಅಕ್ಕ ಫೋನ್ ಮಾಡಿ ರಜೆ ಕೇಳಿದಳು.

"ಕಾರಣ ಏನು ಮೇಡಂ?"

"ನಿಮ್ಮ ಮೇಲೆ ಕೇಸು ನಡೆಸೋಕೆ."

"ಅದಕ್ಕೆಲ್ಲ ರಜೆ ಇಲ್ಲ ಮೇಡಂ."

ಆದರೂ ಹೋದಳು. ಕಂಪನಿಯ ವಕೀಲರ ಕಚೇರಿ ಕೋರ್ಟಿನ ಎದುರಿಗೇ. ಅವರು ರಸ್ತೆ ದಾಟಿ ಬಂದರು, ಕಾಲಾವಕಾಶ ಕೇಳಿದರು, ರಸ್ತೆ ದಾಟಿ ಹೋದರು. ಅಕ್ಕ ಮತ್ತೆ ರೈಲು ಹತ್ತಿದಳು. ಇತ್ತ ಕಂಪನಿಯ ಸೂಪರ್‌ವೈಸರ್ ಮುಚ್ಚಿದ ಬಾಗಿಲಿನ ಫೋಟೋ ಹೊಡೆದುಕೊಂಡು ಹೋಗಿದ್ದ. ಅವಳು ಮನೆ ಸೇರುವಷ್ಟರಲ್ಲಿ ನೋಟಿಸು ಬಂದಿತ್ತು.

ಇಬ್ಬರೂ ಒಪ್ಪಿ ಮಾಡಿಕೊಂಡ ಕರಾರು ತಾನೇ ಎಂದು ಓದಿದವರು ನನಗೆ ಬುದ್ಧಿ ಹೇಳುತ್ತಾರೆ. ಯಾವ ಇಬ್ಬರು ಸ್ವಾಮಿ? ಅಚ್ಚು ಹಾಕಿಸಿ ತಂದವನೊಬ್ಬ, ಬೆರಳು ತೋರಿಸಿದ ಕಡೆ ಸಹಿ ಹಾಕಿದವಳೊಬ್ಬಳು. ಒಂದಕ್ಷರ ತಿದ್ದಿ ಎಂದಿದ್ದರೆ ಪೆನ್ನನ್ನೇ ಕಿತ್ತುಕೊಂಡು ಹೋಗುತ್ತಿದ್ದರು. ಕೋರ್ಟಿನ ಬಾಗಿಲು ಎಲ್ಲರಿಗೂ ತೆರೆದಿದೆಯಂತೆ. ಅದನ್ನು ಎಲ್ಲಿ ಇಡಬೇಕು ಅನ್ನೋದು ಮಾತ್ರ ಒಬ್ಬನ ಇಷ್ಟ!

ಮುಂದಿನ ವಾಯಿದೆಗೆ ಮೊದಲು ಆ ಊರಿನಲ್ಲಿ ಅವಳೇ ಗೊತ್ತು ಮಾಡಿದ್ದ ವಕೀಲರು ಫೋನ್ ಮಾಡಿದರು.

"ನೀವೇ ಬಂದು ಸಾಕ್ಷಿ ಹೇಳ್ಬೇಕಮ್ಮ."

"ಬಂದ್ರೆ ಅಂಗಡಿ ಹೋಗುತ್ತೆ ಸಾರ್."

"ಬರ್ದಿದ್ರೆ ಕೇಸು ಹೋಗುತ್ತೆ."

"ಕೇಸು ಹಾಕಿದ್ದೇ ಅಂಗಡಿ ಉಳಿಸ್ಕೊಳ್ಳೋಕಲ್ವಾ ಸಾರ್?"

"ಯೋಚನೆ ಮಾಡಿ" ಎಂದು ಅವರು ಫೋನ್ ಇಟ್ಟರು.

ಅಕ್ಕ ಹೋಗಲಿಲ್ಲ. ವಾಯಿದೆಯ ದಿನ ಏಪ್ರನ್ ತೊಟ್ಟು ಖಾಲಿ ಕುರ್ಚಿಯ ಹಿಂದೆ ನಿಂತೇ ಇದ್ದಳು. ಇಡೀ ದಿನಕ್ಕೆ ಬಂದದ್ದು ಒಬ್ಬಳೇ ಅಜ್ಜಿ. ಅಲ್ಲಿ ಗೈರುಹಾಜರಿಯ ಮೇಲೆ ಕೇಸು ವಜಾ ಆಯಿತು. ಕೇಸು ಬಿಟ್ಟು ಉಳಿಸಿಕೊಂಡ ಅಂಗಡಿಯೂ ಬಾಡಿಗೆ ಹುಟ್ಟದೆ ಕೆಲವೇ ತಿಂಗಳಲ್ಲಿ ಮುಚ್ಚಿತು.

ಅವಧಿಗೆ ಮೊದಲೇ ಅಂಗಡಿ ಮುಚ್ಚಿದ್ದಾಳೆ, ಪರಿಹಾರ ಕೊಡಿಸಿ ಎಂದು ಈಗ ಕಂಪನಿಯೇ ಕೇಸು ಹಾಕಿದೆ. ಅದೇ ಊರು, ಅದೇ ಕೋರ್ಟು. ಸಮನ್ಸ್ ಹಿಡಿದು ಗಂಡ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ಅಷ್ಟು ದೂರ ಹೆಂಗೆ ಓಡಾಡ್ತೀಯೇ?"

ಅಕ್ಕ ಕತ್ತರಿಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿಡುತ್ತಿದ್ದಳು.

"ಈಗೇನ್ರೀ ಕಷ್ಟ? ಬಾಗಿಲು ಮುಚ್ಚೋಕೆ ಅಂಗಡಿನೇ ಇಲ್ವಲ್ಲ. ಎಷ್ಟು ಸಲ ಕರೆದ್ರೂ ಹೋಗ್ತೀನಿ."